ನಮ್ಮ ಜಿಲ್ಲೆಯವ ಪತ್ತೇದಾರ ಆಗಬಾರದೇನ್ರೀ?

ಕನ್ನಡದ ಅಪರಾಧ ಕಥೆಗಳಲ್ಲಿ ವಿಜಯಪುರ ಜಿಲ್ಲೆಗೆ ಒಂದು ಕಾಯಂ ನೌಕರಿ ಇದೆ. ಕೊಲೆ ಮಾಡುವ ನೌಕರಿ. ಪುಸ್ತಕ ಇರಲಿ, ಸಿನಿಮಾ ಇರಲಿ, ರಾತ್ರಿ ಊಟದ ಹೊತ್ತಿನ ಕ್ರೈಂ ಕಾರ್ಯಕ್ರಮ ಇರಲಿ, ನಮ್ಮ ಕಡೆಯವನು ಬರೋದು ಕೈಯಲ್ಲಿ ಕಂಟ್ರಿ ಪಿಸ್ತೂಲು ಹಿಡಿದುಕೊಂಡೇ. ‘ಬಿಡಂಗಿಲ್ಲ ಮಗನ’ ಅಂತಾನೆ, ಗುಂಡು ಹಾರಿಸ್ತಾನೆ, ಕಬ್ಬಿನ ಹೊಲದಲ್ಲಿ ಮಾಯವಾಗ್ತಾನೆ. ಅವನನ್ನು ಹಿಡಿಯಲು ಬರುವ ಸಾಹೇಬರು ಮಾತ್ರ ಇಸ್ತ್ರಿ ಹಾಕಿದ ಬೆಂಗಳೂರು ಕನ್ನಡದಲ್ಲಿ ಯೋಚನೆ ಮಾಡ್ತಾರೆ. ತಲೆ ಅವರದು, ಕೈ ನಮ್ಮದು. ಈ ಪಾಲು ಹಂಚಿದವರು ಯಾರು?

ನನ್ನೂರು ಟಿಕೋಟಾ. ಕೆಲಸ ಬೆಂಗಳೂರಲ್ಲಿ, ನಿಮ್ಮಲ್ಲಿ ಬಹಳ ಮಂದಿಯ ಹಾಗೆ ಲ್ಯಾಪ್‌ಟಾಪಿನ ಮುಂದೆ. ಬಾಡಿಗೆ ಮನೆ ಹುಡುಕುವಾಗ ಒಬ್ಬ ಓನರ್ ಊರು ಕೇಳಿದರು, ವಿಜಯಪುರ ಅಂದೆ. ‘ಓ, ಭೀಮಾ ತೀರ!’ ಅಂತ ನಕ್ಕರು. ಆಮೇಲೆ ಮೊದಲು ಹೇಳಿದ್ದಕ್ಕಿಂತ ಎರಡು ತಿಂಗಳ ಅಡ್ವಾನ್ಸ್ ಜಾಸ್ತಿ ಕೇಳಿದರು. ನಗುವಿಗೂ ಅಡ್ವಾನ್ಸಿಗೂ ಸಂಬಂಧ ಇತ್ತು ಅನ್ನೋದಕ್ಕೆ ಪುರಾವೆ ಇಲ್ಲ, ಬಿಡಿ. ಆದರೆ ಭೂಗೋಳ ಸ್ವಲ್ಪ ಹೇಳಲೇಬೇಕು. ಭೀಮಾ ನದಿ ನಮ್ಮ ಜಿಲ್ಲೆಯ ಉತ್ತರದ ಅಂಚು, ಚಡಚಣ–ಇಂಡಿ ಕಡೆ. ಟಿಕೋಟಾ ಇರೋದು ಪಶ್ಚಿಮಕ್ಕೆ. ಬಬಲೇಶ್ವರದವರಿಗೆ ಹತ್ತಿರದ ದೊಡ್ಡ ನೀರು ಕೃಷ್ಣೆ. ನಡುವೆ ಹರಿಯೋದು ಡೋಣಿ. ‘ಡೋಣಿ ಹರಿದರೆ ಓಣಿಯೆಲ್ಲಾ ಜೋಳ’ ಅನ್ನೋ ಡೋಣಿ. ಆದರೂ ಟಿವಿಯವರ ನಕ್ಷೆಯಲ್ಲಿ ಇಡೀ ಜಿಲ್ಲೆ ಭೀಮೆಯ ದಂಡೆಯ ಮೇಲೇ ಕೂತಿದೆ.

ಊರಿನ ಮಾನ ಹೋಯ್ತು ಅಂತ ಗೋಳಾಡುವ ಬರಹ ಇದಲ್ಲ. ನಮ್ಮ ಕಡೆ ಕೊಲೆ ಆಗಿಲ್ಲ ಅಂತ ನಾನು ಹೇಳ್ತಾ ಇಲ್ಲ. ಆಗಿವೆ. ಹೊಲದ ಬದುವಿಗೆ, ಸೇಡಿಗೆ, ರಾಜಕಾರಣಕ್ಕೆ ಹೆಣ ಬಿದ್ದಿವೆ. ನನ್ನ ತಕರಾರು ಪತ್ತೇದಾರಿ ಕಾದಂಬರಿಗೆ ದುಡ್ಡು ಕೊಟ್ಟು ಓದುವವರ ತಕರಾರು. ನನಗೆ ಬೇಕಾದ ಸರಕು ಕೊಡದೆ, ಬೇರೆ ಏನೋ ಪೊಟ್ಟಣ ಕಟ್ಟಿ ಕೊಡ್ತಾ ಇದ್ದಾರೆ.

ರಹಸ್ಯ ಕಾದಂಬರಿ ಅಂದರೆ ಲೇಖಕರಿಗೂ ಓದುವವರಿಗೂ ನಡುವೆ ಒಂದು ಕರಾರು. ಸುಳಿವುಗಳನ್ನೆಲ್ಲ ನನ್ನ ಕಣ್ಣ ಮುಂದೆಯೇ ಇಡಬೇಕು, ಆದರೂ ನಾನು ಕೊನೆವರೆಗೆ ಎಡವಬೇಕು. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಇಂಗ್ಲೆಂಡಿನ ಪಾದ್ರಿ ಇಂಥ ಕಾದಂಬರಿಗಳಿಗೆ ಹತ್ತು ಕಟ್ಟಳೆ ಬರೆದ. ಪತ್ತೇದಾರನಿಗೆ ಸಿಕ್ಕ ಸುಳಿವು ಕೂಡಲೇ ಓದುಗರಿಗೂ ಸಿಗಬೇಕು ಅನ್ನೋದು ಅದರಲ್ಲಿ ಒಂದು. ಹತ್ತನ್ನೂ ಪಾಲಿಸಬೇಕಾಗಿಲ್ಲ, ಅಗಾಥಾ ಕ್ರಿಸ್ಟಿಯೇ ಕೆಲವನ್ನು ಮುರಿದು ಗೆದ್ದವಳು. ಆದರೆ ‘ಹಂತಕರು’ ಅಂತ ರಕ್ಷಾಪುಟದ ಮೇಲೇ ದಪ್ಪಕ್ಷರದಲ್ಲಿ ಹಾಕಿಬಿಟ್ಟ ಮೇಲೆ ಒಳಗೆ ಹುಡುಕೋದು ಏನನ್ನ?

ರವಿ ಬೆಳಗೆರೆಯವರ ‘ಭೀಮಾ ತೀರದ ಹಂತಕರು’ ನಮ್ಮ ಪೀಳಿಗೆಯ ಬಹಳಷ್ಟು ಮಂದಿ ಬಾಯಿ ಬಿಟ್ಟುಕೊಂಡು ಓದಿದ ಪುಸ್ತಕ. ಆ ಗದ್ಯಕ್ಕೆ ಓಟ ಇದೆ, ಅದನ್ನು ಅಲ್ಲಗಳೆಯೋದು ಸುಳ್ಳಾಗುತ್ತೆ. ಅದು ತನ್ನನ್ನು ಕಾದಂಬರಿ ಅಂತ ಕರೆದುಕೊಂಡದ್ದೂ ಅಲ್ಲ. ತೊಂದರೆ ಶುರುವಾದದ್ದು ಆಮೇಲೆ. ಆ ಎರಡು ಪದ ಒಂದು ಅಚ್ಚಾಯಿತು. 2012ರಲ್ಲಿ ದುನಿಯಾ ವಿಜಯ್ ಅಭಿನಯದ ‘ಭೀಮಾ ತೀರದಲ್ಲಿ’ ಬಂತು. ಆಮೇಲೆ ಚಾನೆಲ್‌ಗಳಿಗೆ ನಮ್ಮ ಕಡೆ ಯಾವ ಹೊಡೆದಾಟ ಆದರೂ ‘ಭೀಮಾ ತೀರದಲ್ಲಿ ಮತ್ತೆ ಗುಂಡಿನ ಸದ್ದು’ ಅನ್ನೋ ಒಂದೇ ಸಾಲು ಸಾಕಾಯಿತು. ಈ ಅಚ್ಚಿನಲ್ಲಿ ಎರಕವಾದ ಕಥೆಗಳಲ್ಲೆಲ್ಲ ಒಂದೇ ಲೆಕ್ಕ: ಕೊಂದವನಿಗೆ ಹೆಸರಿದೆ, ಅಡ್ಡಹೆಸರಿದೆ, ಮೀಸೆ ಇದೆ, ಹಿನ್ನೆಲೆ ಸಂಗೀತ ಇದೆ. ಸತ್ತವನು ಒಂದು ಅಂಕಿ. ‘ಆರನೇ ಹೆಣ’, ‘ಏಳನೇ ಹೆಣ’. ಪತ್ತೇದಾರಿ ಕಾದಂಬರಿಯ ಧರ್ಮ ಇದಕ್ಕೆ ಪೂರ್ತಿ ತದ್ವಿರುದ್ಧ. ಅಲ್ಲಿ ಮೊದಲ ಅಧ್ಯಾಯದಲ್ಲಿ ಸತ್ತವರ ಬಗ್ಗೆ ಇನ್ನೂರು ಪುಟ ವಿಚಾರಿಸ್ತಾರೆ. ಏನು ತಿಂದಿದ್ದರು, ಯಾರಿಗೆ ಸಾಲ ಕೊಟ್ಟಿದ್ದರು, ಆವತ್ತು ಸಂಜೆ ಯಾಕೆ ಚಪ್ಪಲಿ ಬದಲಿಸಿದ್ದರು. ಸತ್ತವರಿಗೆ ಅಷ್ಟು ಗಮನ ಕೊಡುವ ಇನ್ನೊಂದು ಬಗೆಯ ಜನಪ್ರಿಯ ಬರಹ ನನಗೆ ಗೊತ್ತಿಲ್ಲ.

ಇಂಥ ಕಾದಂಬರಿ ಕನ್ನಡಕ್ಕೆ ಹೊಸದೇನಲ್ಲ. ಎನ್. ನರಸಿಂಹಯ್ಯನವರು ಶಾಲೆ ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಅವರ ಪುರುಷೋತ್ತಮ, ಮಧುಸೂದನ, ಅರಿಂಜಯ ಒಂದು ಕಾಲಕ್ಕೆ ಮನೆಮನೆಯ ನೆಂಟರು. ಟಿ.ಕೆ. ರಾಮರಾವ್ ಇದ್ದರು, ‘ಬಂಗಾರದ ಮನುಷ್ಯ’ ಬರೆದವರು ಅವರೇ, ಆದರೆ ಅವರ ಖಾಸಾ ಮೈದಾನ ಪತ್ತೇದಾರಿ. ಇನ್ನು ಮ. ರಾಮಮೂರ್ತಿ. ನವೆಂಬರ್ ಒಂದಕ್ಕೆ ನಾವೆಲ್ಲ ಆಫೀಸಲ್ಲಿ ಕೊರಳಿಗೆ ಸುತ್ತಿಕೊಳ್ಳೋ ಹಳದಿ–ಕೆಂಪು ಬಾವುಟ ಇದೆಯಲ್ಲ, ಅದನ್ನು ರೂಪಿಸಿದವರು. ಅವರೂ ಪತ್ತೇದಾರಿ ಕಾದಂಬರಿ ಬರೆದು ಬದುಕಿದವರೇ. ಕನ್ನಡದ ಬಾವುಟ ಬಂದದ್ದು ಒಬ್ಬ ಪತ್ತೇದಾರಿ ಕಾದಂಬರಿಕಾರನಿಂದ ಅಂತ ಸಾಹಿತ್ಯ ಸಮ್ಮೇಳನದ ವೇದಿಕೆ ಮೇಲೆ ಯಾರಾದರೂ ಹೇಳಿದ್ದನ್ನ ನಾನಂತೂ ಕೇಳಿಲ್ಲ. ಹೇಳಿದರೆ ಕೆಲವರಿಗೆ ಮುಜುಗರ ಆಗುತ್ತೇನೋ.

ಸಿದ್ಧೇಶ್ವರ ಗುಡಿ ಹತ್ತಿರ ಒಂದು ಪುಸ್ತಕ ಬಾಡಿಗೆ ಅಂಗಡಿ ಇತ್ತು. ಈ ಪುಸ್ತಕಗಳೆಲ್ಲ ನನಗೆ ಸಿಕ್ಕಿದ್ದು ಅಲ್ಲೇ, ಮೂಲೆ ಮಡಚಿ, ಕೊನೆ ಪುಟ ಹರಿದು. (ಪತ್ತೇದಾರಿ ಕಾದಂಬರಿಯ ಕೊನೆ ಪುಟ ಹರಿಯುವವರಿಗೆ ಬೇರೆಯೇ ಒಂದು ನರಕ ಇರಬೇಕು.) ಸಂಕ್ರಮಣದ ಜಾತ್ರೆಗೆ ಬಂದ ನಮ್ಮ ಸೋದರಮಾವ ಜಾತ್ರೆ ಬಿಟ್ಟು ಅಂಗಡಿ ಕಟ್ಟೆ ಮೇಲೆ ಕೂತು ಒಂದು ಪುಸ್ತಕ ಮುಗಿಸಿ, ಬಾಡಿಗೆ ಕೊಡದೆ ಎದ್ದು ಬಂದಿದ್ದ. ಆದರೆ ನಾನು ಓದಿದ ಮಟ್ಟಿಗೆ ಆ ಪುಸ್ತಕಗಳಲ್ಲೂ ಟಾಂಗಾ, ಟ್ಯಾಕ್ಸಿ, ಬಂಗಲೆ ಎಲ್ಲ ಹಳೇ ಮೈಸೂರು ಸೀಮೆಯವು. ನಮ್ಮ ಕಡೆಯ ಒಬ್ಬ ಸಾಕ್ಷಿಯೂ ಅಲ್ಲಿ ಬಾಯಿ ಬಿಟ್ಟ ನೆನಪಿಲ್ಲ.

ಪ್ರಕಾಶಕರ ಹತ್ತಿರ ಈ ಮಾತು ಎತ್ತಿದರೆ ಸಿಗುವ ಉತ್ತರ ಗೊತ್ತೇ ಇದೆ. ‘ನಿಮ್ಮ ಕಡೆ ಭಾಷೆ ಓದೋಕೆ ಕಷ್ಟ ಕಣ್ರೀ, ಓಡಲ್ಲ.’ ಓಡಲ್ವಾ? ಇಟಲಿಯ ಆಂದ್ರೆಯಾ ಕಮಿಲ್ಲೇರಿ ತನ್ನ ಇನ್ಸ್‌ಪೆಕ್ಟರ್ ಮೊಂಟಲ್ಬಾನೋ ಕಾದಂಬರಿಗಳನ್ನು ಬರೆದದ್ದು ಸಿಸಿಲಿಯ ಆಡುಮಾತು ಬೆರೆಸಿದ ಇಟಾಲಿಯನ್‌ನಲ್ಲಿ. ಮೊದಲನೆಯದು ಬಂದದ್ದು 1994ರಲ್ಲಿ. ಆಗ ಕಮಿಲ್ಲೇರಿಗೆ ಅರವತ್ತೆಂಟು ದಾಟಿತ್ತು. ಉತ್ತರ ಇಟಲಿಯವರಿಗೆ ಆ ಭಾಷೆ ಎಷ್ಟೋ ಕಡೆ ತಿಳಿಯದು. ಆದರೂ ಲಕ್ಷಗಟ್ಟಲೆ ಪ್ರತಿ ಹೋದವು, ಟಿವಿ ಸರಣಿ ಆಯಿತು. ಅವನು ಹುಟ್ಟಿದ ಸಣ್ಣ ಬಂದರು ಊರು 2003ರಲ್ಲಿ ಕಾದಂಬರಿಯ ಕಲ್ಪಿತ ಊರು ‘ವಿಗಾತಾ’ದ ಹೆಸರನ್ನೇ ತನ್ನ ಹೆಸರಿಗೆ ಅಂಟಿಸಿಕೊಂಡಿತು. ಇನ್ನೊಂದು ಮಾತು. ಸಿಸಿಲಿ ಅಂದರೆ ಹೊರಗಿನವರಿಗೆ ಮಾಫಿಯಾ, ಬೇರೇನೂ ಇಲ್ಲ. ನಮಗೆ ಭೀಮಾ ತೀರ ಅಂಟಿದ ಹಾಗೆಯೇ. ಕಮಿಲ್ಲೇರಿ ಬೇಕಂತಲೇ ಮಾಫಿಯಾದವರನ್ನು ಕಥೆಯ ನಡುಮನೆಗೆ ಕರೆಯಲಿಲ್ಲ. ಬರೆದರೆ ಅವರು ನಾಯಕರಾಗಿಬಿಡ್ತಾರೆ ಅನ್ನೋದು ಅವನ ಅಂಜಿಕೆ. ಅದರ ಬದಲು ಊಟದ ಮೇಲೆ ಪ್ರಾಣ ಇಟ್ಟುಕೊಂಡ, ಸಿಡುಕ, ಬುದ್ಧಿವಂತ ಸಿಸಿಲಿಯವನೊಬ್ಬನನ್ನು ಪೊಲೀಸ್ ಠಾಣೆಯಲ್ಲಿ ಕೂರಿಸಿದ. ನಮ್ಮ ಇನ್ಸ್‌ಪೆಕ್ಟರೂ ಹಂಗ ಖಡಕ್ ರೊಟ್ಟಿ ಮುರಕೋತ, ಎಣ್ಣೆಗಾಯಿ ಹಚ್ಚಿಕೋತ ವಿಚಾರ ಮಾಡಿದರೆ ಯಾರಿಗೆ ಅಜೀರ್ಣ ಆಗ್ತದ?

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ತೇಜಸ್ವಿ. ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ ಎರಡೂ ಸೀದಾ ಸೀದಾ ರಹಸ್ಯ ಕಥೆಗಳು, ಎರಡರ ನಡುವೆಯೂ ಘಮಘಮ ಅನ್ನೋದು ಏಲಕ್ಕಿ. ಮೊದಲನೆಯದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಒಂದು ಬೆಳೆಯ ಸುತ್ತ ಇರುವ ದುಡ್ಡು, ಕಳ್ಳಸಾಗಣೆ, ಕಾಡು, ಜಾತಿ ಎಲ್ಲವನ್ನೂ ತೇಜಸ್ವಿ ಗೂಢಚಾರಿಕೆಯ ದಾರದಲ್ಲಿ ಪೋಣಿಸಿದರು. ಮಲೆನಾಡಿನ ಏಲಕ್ಕಿಗೆ ಎರಡು ಕಾದಂಬರಿ. ಟಿಕೋಟಾದ ದ್ರಾಕ್ಷಿಗೆ?

ದ್ರಾಕ್ಷಿ ಅಂದರೆ ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಡಬ್ಬಿ ನೆನಪಾಗುವವರಿಗೆ ಹೇಳ್ತೀನಿ, ಕೇಳಿ. ಫೆಬ್ರುವರಿಯಿಂದ ಏಪ್ರಿಲ್ ತನಕ ನಮ್ಮ ಕಡೆ ಒಣದ್ರಾಕ್ಷಿ ಕಾಲ. ಗೊನೆ ಕೊಯ್ದು, ಪೊಟ್ಯಾಸಿಯಂ ಕಾರ್ಬೊನೇಟು, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಹದಿನೈದು ದಿನದ ಆಸುಪಾಸು ಗಾಳಿಗೆ ಒಣಗಬೇಕು. ನಾಲ್ಕು ಕಿಲೋ ಹಸಿ ಹಣ್ಣು ಕೊಟ್ಟರೆ ಒಂದು ಕಿಲೋ ಒಣಗಿದ್ದು ಸಿಗುತ್ತೆ. ಬಣ್ಣಕ್ಕೆ ಅಂತ ಗಂಧಕದ ಹೊಗೆ ಹಾಕ್ತಾರೆ. ಆಮೇಲೆ ಕೋಲ್ಡ್ ಸ್ಟೋರೇಜು, ಅಲ್ಲಿಂದ ವಿಜಯಪುರದ ಎಪಿಎಂಸಿ, ಇಲ್ಲವೇ ಗಡಿ ದಾಟಿ ತಾಸಗಾಂವ, ಸಾಂಗ್ಲಿ. ಶೆಡ್ಡಿನಲ್ಲಿ ಮಾಲಿದ್ದಾಗ ಒಂದು ಅಡ್ಡಮಳೆ ಬಿತ್ತು ಅಂದರೆ ಬಣ್ಣ ಹೋಯ್ತು, ದರ ಹೋಯ್ತು. ಬೋರು ಸಾವಿರ ಅಡಿ ಇಳಿದಿರುತ್ತೆ, ಸಾಲ ಅದಕ್ಕಿಂತ ಆಳಕ್ಕೆ.

ಈಗ ಪತ್ತೇದಾರಿ ಕಣ್ಣಿಂದ ಇದನ್ನೇ ಇನ್ನೊಮ್ಮೆ ನೋಡಿ. ಮುಚ್ಚಿದ ಕೋಣೆ, ಒಳಗೆ ಗಂಧಕದ ಹೊಗೆ, ಹೊರಗಿನಿಂದ ಚಿಲಕ. ಮುಚ್ಚಿದ ಕೋಣೆಯ ಕೊಲೆ ಅಂತ ಇಂಗ್ಲಿಷಿನವರು ನೂರಕ್ಕೂ ಹೆಚ್ಚು ವರ್ಷದಿಂದ ತಲೆ ಕೆರೆದುಕೊಂಡು ಕಟ್ಟಿದ್ದು ನಮ್ಮ ಹೊಲದಲ್ಲಿ ತಯಾರಾಗಿ ನಿಂತಿದೆ. ಸತ್ತವನನ್ನು ಕಡೇ ಸಲ ನೋಡಿದ್ದು ಯಾವತ್ತು ಅಂತ ಸಾಕ್ಷಿಗಳು ಸುಳ್ಳು ಹೇಳಬಹುದು, ಬಲೆ ಮೇಲಿನ ಹಣ್ಣು ಹೇಳೋದಿಲ್ಲ. ಬೆರಳಲ್ಲಿ ಒಂದು ಕಾಳು ಒತ್ತಿ ‘ಇದು ಏಳನೇ ದಿನದ್ದು, ಒಂಬತ್ತು ಅಂತ ಯಾಕ್ ಹೇಳಿದಿ?’ ಅಂತ ಕೇಳಬಲ್ಲ ಮುದುಕಿಯರು ನಮ್ಮ ಓಣಿಯಲ್ಲೇ ಇದ್ದಾರೆ. ಇನ್ನು ಕಾಗದಪತ್ರ. ಪಹಣಿಗೆ ನಾವು ಉತಾರ ಅಂತೀವಿ. ಅಣ್ಣ ತಮ್ಮನ ಹೆಸರು ಬಿಟ್ಟು ವಾರಸಾ ಮಾಡಿಸಿದ್ದು, ಬ್ಯಾಂಕಿನ ಬೋಜಾ ಕೂತದ್ದು, ಆಲಮಟ್ಟಿ ಎತ್ತರ 524 ಮೀಟರ್ ಆಗುತ್ತೆ ಅನ್ನೋ ಸುದ್ದಿಗೆ ಮುಳುಗುವ ಹೊಲ ಯಾರೋ ಮೊದಲೇ ಕೊಂಡು ಪರಿಹಾರಕ್ಕೆ ಕಾಯ್ತಾ ಇರೋದು, ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಬಂದ ಮೇಲೆ ಬರಡು ನೆಲಕ್ಕೆ ಒಮ್ಮೆಲೇ ಬೆಲೆ ಏರಿದ್ದು. ಕೊಲೆಗೆ ಕಾರಣ ಬೇಕಾದರೆ ಇವು ಸಾಲವೇ? ಕಂಟ್ರಿ ಪಿಸ್ತೂಲೇ ಬೇಕೆ? ಪಿಸ್ತೂಲಿಗಿಂತ ಉತಾರದ ಒಂದು ಸಾಲು ಹೆಚ್ಚು ಮಂದಿಯ ಮನೆ ಹಾಳು ಮಾಡಿದೆ ಅಂತ ನಮ್ಮ ಕಡೆ ಯಾವ ವಕೀಲರನ್ನ ಕೇಳಿದರೂ ಹೇಳ್ತಾರೆ.

ಹಳೇ ಕೇಸು ಬೇಕೆನ್ನುವವರಿಗೆ ವಿಜಯಪುರದ ಪಶ್ಚಿಮಕ್ಕೆ ಸಾಠ ಕಬರ್ ಇದೆ. ಗೋಳಗುಮ್ಮಟದಲ್ಲಿ ಪ್ರತಿಧ್ವನಿ ಕೇಳಿ, ಮಲಿಕ್–ಎ–ಮೈದಾನ್ ತೋಪಿನ ಮುಂದೆ ಸೆಲ್ಫಿ ತೆಗೆದುಕೊಂಡು ವಾಪಸ್ ಹೋಗುವ ಪ್ರವಾಸಿಗಳು ಅಲ್ಲಿಗೆ ಹೋಗೋದು ಕಡಿಮೆ. ಸಾಲು ಸಾಲು ಗೋರಿಗಳು. ಆದಿಲ್‌ಶಾಹಿ ಸರದಾರ ಅಫ್ಜಲ್ ಖಾನ್ 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮುಂಚೆ, ನೀನು ತಿರುಗಿ ಬರೋದಿಲ್ಲ ಅಂತ ಜ್ಯೋತಿಷಿ ಹೇಳಿದ್ದಕ್ಕೆ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ನೂಕಿ ಕೊಂದ, ಅವರ ಗೋರಿಗಳು ಇವು ಅನ್ನೋದು ಊರ ಕಥೆ. ಖಾನ್ ತಿರುಗಿ ಬರಲಿಲ್ಲ ಅನ್ನೋದು ಇತಿಹಾಸ. ಆ ವರ್ಷ ನವೆಂಬರ್ 10ಕ್ಕೆ ಪ್ರತಾಪಗಡದ ಕೆಳಗೆ ಸತ್ತ. ಉಳಿದದ್ದು?

ಯೂಟ್ಯೂಬಿನಲ್ಲಿ ಇದನ್ನು ದೆವ್ವದ ಕಥೆ ಮಾಡಿದ್ದಾರೆ. ಇನ್ನು ಕೆಲವರಿಗೆ ಇದು ಹಿಂದೂ–ಮುಸ್ಲಿಂ ಜಗಳಕ್ಕೆ ಒಂದು ಕಲ್ಲು. ಇಬ್ಬರಿಗೂ ಪ್ರಶ್ನೆ ಕೇಳುವ ಚಟ ಇಲ್ಲ. ‘ಸಾಠ’ ಅಂದರೆ ಅರವತ್ತು, ಎಣಿಸಿದವರು ಹೇಳೋದು 63. ಮೂರರ ವ್ಯತ್ಯಾಸ ಯಾಕೆ? ಗೋರಿಗಳೆಲ್ಲ ಒಂದೇ ಅಳತೆ, ಒಂದೇ ಅಂತರ, ಹೀಗಾಗಿ ಒಟ್ಟಿಗೇ ಕಟ್ಟಿದ್ದು ಅನ್ನೋ ವಾದ ಇದೆ. ಹಾಗಾದರೆ ಅಷ್ಟು ಕಲ್ಲು ಕಡಿದು ತಯಾರು ಮಾಡಲು ಎಷ್ಟು ದಿನ ಬೇಕು? ದಂಡು ಹೊರಡುವ ಗಡಿಬಿಡಿಯಲ್ಲಿ ಆ ಕಲ್ಲುಕುಟಿಗರಿಗೆ ಮುಂಚೆಯೇ ಹೇಳಿಟ್ಟವರು ಯಾರು, ಅವರಲ್ಲಿ ಒಬ್ಬನಿಗೂ ಅನುಮಾನ ಬರಲಿಲ್ಲವೇ? ಈ ಕಡೆಯ ಮುಸ್ಲಿಂ ಗೋರಿಗಳಲ್ಲಿ ಗಂಡಸರದಕ್ಕೆ ಮೇಲೆ ಕಲಮದಾನದ ಆಕಾರ, ಹೆಂಗಸರದು ಚಪ್ಪಟೆ. ಇಲ್ಲಿಯವು ಚಪ್ಪಟೆ. ಅಂದರೆ ಹೆಂಗಸರವು ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಇದೆ. ಆದರೆ ಒಂದೇ ದಿನ ಸತ್ತವರು ಅನ್ನೋದಕ್ಕೆ ಇರೋದು ಬರೀ ಬಾಯಿ ಮಾತು. ಒಂದು ಮನೆತನದ ಹೆಂಗಸರ ಸ್ಮಶಾನವಾಗಿರಬಾರದೇ? ಬೇನೆ ಬಂದು ಸತ್ತವರಾಗಿರಬಾರದೇ? ಕಥೆ ಕಟ್ಟಿದವರಿಗೆ ಏನು ಲಾಭ ಇತ್ತು? 1951ರಲ್ಲಿ ಜೋಸೆಫೀನ್ ಟೇ ತನ್ನ ‘ದಿ ಡಾಟರ್ ಆಫ್ ಟೈಮ್’ನಲ್ಲಿ ಒಬ್ಬ ಇನ್ಸ್‌ಪೆಕ್ಟರನ್ನು ಆಸ್ಪತ್ರೆ ಮಂಚದ ಮೇಲೆ ಮಲಗಿಸಿ, ಇಂಗ್ಲೆಂಡಿನ ಮೂರನೇ ರಿಚರ್ಡ್ ತನ್ನ ಅಣ್ಣನ ಮಕ್ಕಳನ್ನು ಕೊಂದನೇ ಅಂತ ಹಳೇ ಕಾಗದಗಳಿಂದಲೇ ವಿಚಾರಣೆ ಮಾಡಿಸಿದಳು. ನಾನೂರೈವತ್ತು ವರ್ಷ ಹಳೇ ಕೇಸು ಅದು. ನಮ್ಮದು ಇನ್ನೂ ನಾನೂರು ಮುಟ್ಟಿಲ್ಲ.

ಸಾಠ ಕಬರಿನಲ್ಲಿ ನನ್ನನ್ನು ಕಾಡೋದು ಬಾವಿ ಅಲ್ಲ, ದೆವ್ವವೂ ಅಲ್ಲ. ಅರವತ್ತಕ್ಕೂ ಮಿಕ್ಕಿ ಹೆಂಗಸರು, ಊರ ಕಥೆಯಲ್ಲಿ ಒಬ್ಬಳ ಹೆಸರೂ ಇಲ್ಲ. ಕೊಂದ ಅಂತ ಆಪಾದನೆ ಹೊತ್ತವನ ಹೆಸರು ಆಟೋದವರಿಗೂ ಗೊತ್ತು. ನಾನು ಮೇಲೆ ಹೇಳಿದ ಲೆಕ್ಕವೇ ಇಲ್ಲಿಯೂ ಇದೆ.

‘ಸರಿ, ಆದರೆ ನಿಮ್ಮ ಕಡೆ ಪತ್ತೇದಾರಿ ಬುದ್ಧಿಯವರು ಎಲ್ಲಿದ್ದಾರೆ?’ ಅಂತ ಒಬ್ಬ ಗೆಳೆಯ ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನಲ್ಲಿ ಕೇಳಿದ. ಅವನಿಗೆ ನಾನು ಹೇಳಿದ ಮೊದಲ ಹೆಸರು ಫ.ಗು. ಹಳಕಟ್ಟಿ. ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಮನುಷ್ಯ. ಸಾಕ್ಷ್ಯ ಅಂದರೇನು ಅಂತ ಕೋರ್ಟಿನಲ್ಲಿ ಕಲಿತವರು. ಊರೂರು, ಮನೆಮನೆ ತಿರುಗಿ, ದೇವರ ಜಗಲಿ ಮೇಲೆ, ಅಟ್ಟದ ಮೇಲೆ ಕೂತಿದ್ದ ಓಲೆಗರಿ ಕಟ್ಟುಗಳನ್ನು ಹುಡುಕಿದರು. ಒಂದು ಪ್ರತಿಯನ್ನು ಇನ್ನೊಂದರ ಜೊತೆ ಇಟ್ಟು, ಯಾವುದು ಸೇರ್ಪಡೆ, ಯಾವುದು ಅಸಲು ಅಂತ ನೋಡಿದರು. ‘ವಚನಶಾಸ್ತ್ರ ಸಾರ’ 1923ರಲ್ಲಿ ಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು, ಅದಕ್ಕಾಗಿ ಇದ್ದ ಮನೆ ಮಾರಿದರು. ಅವರಿಗಿಂತ ಮೊದಲು ಹೆಸರು ಗೊತ್ತಿದ್ದ ವಚನಕಾರರು ಐವತ್ತರಷ್ಟು, ಅವರ ಹುಡುಕಾಟದ ನಂತರ ಇನ್ನೂರೈವತ್ತು ದಾಟಿತು ಅಂತಾರೆ. ಕಾಣೆಯಾದ ಇನ್ನೂರು ಜನರನ್ನು ಹೆಸರು ಸಮೇತ ಪತ್ತೆ ಹಚ್ಚಿದ ಇನ್ನೊಬ್ಬ ಪತ್ತೇದಾರ ಯಾವ ಕಾದಂಬರಿಯಲ್ಲಿ ಇದ್ದಾನೆ, ತೋರಿಸಿ.

ಎರಡನೇ ಹೆಸರು ಎಂ.ಎಂ. ಕಲಬುರ್ಗಿ. ಸಿಂದಗಿ ತಾಲ್ಲೂಕಿನವರು. ಶಾಸನದ ಒಂದು ಅಕ್ಷರ, ವಚನದ ಒಂದು ಪಾಠಾಂತರ ಹಿಡಿದು ತೀರ್ಮಾನಕ್ಕೆ ನಡೆಯುತ್ತಿದ್ದವರು. ಅದು ಯಾರಿಗೆ ಇಷ್ಟ ಆಗುತ್ತೆ, ಯಾರಿಗೆ ಆಗಲ್ಲ ಅಂತ ನೋಡುತ್ತಿದ್ದವರಲ್ಲ. ‘ಮಾರ್ಗ’ದ ಬರಹಕ್ಕಾಗಿ ಎಂಬತ್ತರ ದಶಕದ ಕೊನೆಯಲ್ಲೇ ಅವರನ್ನು ಬಗ್ಗಿಸಿ ಮಾತು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿದ್ದರು. ಆದರೂ ಹುಡುಕೋದು ಬಿಡಲಿಲ್ಲ. ‘ಮಾರ್ಗ–4’ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆ ಬಾಗಿಲಲ್ಲಿ ಗುಂಡಿಕ್ಕಿ ಕೊಂದರು. ವರ್ಷಗಟ್ಟಲೆ ಆ ತನಿಖೆ ನಿಂತಲ್ಲೇ ನಿಂತಿತ್ತು. 2017ರಲ್ಲಿ ಗೌರಿ ಲಂಕೇಶ್ ಕೊಲೆಯಾದ ಮೇಲೆ, ಎರಡೂ ಕಡೆ ಸಿಕ್ಕ ಗುಂಡು–ಕೋಕಾಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿ, ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಅಂತ ತನಿಖೆ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಕೇಸನ್ನೂ ಅದೇ ವಿಶೇಷ ತಂಡಕ್ಕೆ ಕೊಟ್ಟಿತು. ಇಲ್ಲಿ ದಾರಿ ತೋರಿಸಿದ್ದು ಮೀಸೆ ತಿರುವುವ ಎನ್‌ಕೌಂಟರ್ ಅಲ್ಲ. ಹಿತ್ತಾಳೆ ಕೋಕಾದ ಮೇಲಿನ ಸಣ್ಣ ಗೀರು.

ಈ ಎರಡು ಹೆಸರು ಹೇಳಿದ ಮೇಲೆ ಗೆಳೆಯ ಗದಗ ಬರುವ ತನಕ ಸುಮ್ಮನಿದ್ದ. ಆಮೇಲೆ, ‘ಹಂಗಾರೆ ನೀನೇ ಬರಿ’ ಅಂದ. ಎಲ್ಲರೂ ಕೊನೆಗೆ ಇದನ್ನೇ ಹೇಳ್ತಾರೆ. ಊಟ ಚೆನ್ನಾಗಿಲ್ಲ ಅಂದರೆ ನೀನೇ ಅಡುಗೆ ಮಾಡು ಅಂದ ಹಾಗೆ. ನನಗೆ ಬರೆಯೋಕೆ ಬರಲ್ಲ, ಓದೋಕೆ ಬರುತ್ತೆ, ಓದುವವರಿಗೂ ಹಕ್ಕಿದೆ. ನಮ್ಮಂಥವರು ತಿಂಗಳಿಗೆ ಓಟಿಟಿಗೆ ಕೊಡುವ ದುಡ್ಡಿನಲ್ಲಿ ಎರಡು ಕನ್ನಡ ಪುಸ್ತಕ ಬರುತ್ತವೆ. ಮೈಸೂರಿನ ಅನುಷ್ ಶೆಟ್ಟಿಯಂಥವರು ‘ಹುಲಿ ಪತ್ರಿಕೆ’, ‘ಜೋಡ್ಪಾಲ’ ಬರೆದು ಹೊಸ ಹುಡುಗರನ್ನು ಓದಿಗೆ ಎಳೆದಿದ್ದಾರೆ, ಕೆ.ಎನ್. ಗಣೇಶಯ್ಯ ಇತಿಹಾಸದ ಸುಳಿವುಗಳನ್ನೇ ರೋಚಕ ಕಾದಂಬರಿ ಮಾಡಿ ಗೆದ್ದಿದ್ದಾರೆ. ಅಂದರೆ ಮಾರುಕಟ್ಟೆ ಇದೆ. ಇಲ್ಲದಿರೋದು ನಮ್ಮ ಕಡೆಗೆ ಬರುವ ಬಸ್ಸು.

ಹೀಗಾಗಿ ಪ್ರಕಾಶಕರಿಗೆ, ವೆಬ್‌ಸರಣಿ ಬರೆಯುವ ಗೆಳೆಯರಿಗೆ ನನ್ನ ಬೇಡಿಕೆ ಇಷ್ಟು. ‘ಭೀಮಾ ತೀರ’ ಅಂತ ಶುರುವಾಗುವ ಯಾವ ಹಸ್ತಪ್ರತಿ ಬಂದರೂ ಮೊದಲು ಒಂದು ಪ್ರಶ್ನೆ ಕೇಳಿ: ಇದರಲ್ಲಿ ಸತ್ತವನ ಅವ್ವನ ಹೆಸರೇನು? ಬರೆದವರಿಗೆ ಗೊತ್ತಿಲ್ಲದಿದ್ದರೆ ವಾಪಸ್ ಕಳಿಸಿ. ಅದರ ಬದಲು ನಿವೃತ್ತಿಯಾದ ಒಬ್ಬಳು ತಲಾಟಿ ಬಾಯಿ ಇರಲಿ, ಬಬಲೇಶ್ವರದವಳು. ಮೊಣಕಾಲು ನೋವು, ಕನ್ನಡಕಕ್ಕೆ ದಾರ, ಮೂವತ್ತು ವರ್ಷ ಉತಾರ ಬರೆದ ಕೈ. ಮಾರ್ಚ್ ತಿಂಗಳು, ಟಿಕೋಟಾ ರಸ್ತೆಯ ಒಂದು ಶೆಡ್ಡು, ಗಂಧಕದ ವಾಸನೆ. ಪೊಲೀಸರು ಆತ್ಮಹತ್ಯೆ ಅಂತ ಪಂಚನಾಮೆ ಬರೆಯುತ್ತಾ ಇದ್ದಾರೆ. ಆಕಿ ಬಲೆ ಮೇಲಿಂದ ಒಂದು ಕಾಳು ತಗೊಂಡು ಎರಡು ಬೆರಳಲ್ಲಿ ಒತ್ತಿ ನೋಡಿ, ಪಿಎಸ್‌ಐ ಕಡೆ ತಿರುಗ್ತಾಳ. ‘ತಮ್ಮಾ, ಇದನ್ನ ಹರವಿದವ್ರು ಯಾರು? ಸತ್ತಾವ ಅಂತೂ ಅಲ್ಲ.’